ಎರಡನೇ ಕೆನ್ನೆ

"ಗೊತ್ತಾಗ್ತಿದೆಯಾ?"

"ಏನು?"

"ಚಿವುಟ್ತಾ ಇದ್ದೀನಿ."

"ಎಲ್ಲಿ?"

"ಸರಿ ಹಾಗಾದ್ರೆ, ಹಿಡಿದಿದೆ," ಅಂದಳು ಡಾಕ್ಟರಮ್ಮ.

ಮೊಂಡಕ್ಕನ ಮುಖಕ್ಕೆ ಮರಗಟ್ಟಿಸುವ ಮುಲಾಮು ಬಳಿದು, ಮೇಲೆ ತೆಳು ಪ್ಲಾಸ್ಟಿಕ್ಕು ಹೊದಿಸಿ, ಅರ್ಧ ತಾಸು ಕೂರಿಸಿದ್ದಳು. ಈಗ ಅದನ್ನು ಹತ್ತಿಯಿಂದ ಒರೆಸತೊಡಗಿದಳು. ಒರೆಸುವುದು ಕಣ್ಣಿಗೆ ಕಾಣುತ್ತಿತ್ತು, ಕೆನ್ನೆಗೆ ತಿಳಿಯುತ್ತಿರಲಿಲ್ಲ. ತನ್ನ ಮುಖವನ್ನು ಯಾರೋ ಪಕ್ಕದ ಮೇಜಿನ ಮೇಲಿಟ್ಟುಕೊಂಡು ಉಜ್ಜುತ್ತಿರುವ ಹಾಗೆ ಅನಿಸಿತು.

ಅನಿಸಿತು, ಅಷ್ಟೆ. ಹೋದ ವಾರದಿಂದ ಮೊಂಡಕ್ಕನಿಗೆ ಯಾವುದೂ ಅನಿಸುವುದಕ್ಕಿಂತ ಒಳಗೆ ಇಳಿದಿರಲಿಲ್ಲ.

ಹೋದ ವಾರ, ಎದುರಿನ ಹೋಟೆಲಿನ ಸ್ವಾಗತದ ಮೇಜಿನವಳು, ನಾಲ್ಕು ಭಾಷೆ ಪಟಪಟ ಆಡುತ್ತಾಳೆಂದು ಎಲ್ಲರೂ ಗಿಣಿ ಎನ್ನುತ್ತಿದ್ದವಳು, ಕೆನ್ನೆಗೆ ಚುಚ್ಚಿಸಿಕೊಂಡ ಇಂಜೆಕ್ಷನ್ನಿನಿಂದ ಬಲಗಣ್ಣು ಕಳೆದುಕೊಂಡು ಇದೇ ಕ್ಲಿನಿಕ್ಕಿನ ಮೆಟ್ಟಿಲ ಮೇಲೆ ಬಿದ್ದಿದ್ದಳು. ಡಾಕ್ಟರಮ್ಮ ಊಟಕ್ಕೆ ಹೋಗಿದ್ದಾಗ ನರ್ಸೇ ಕದ್ದು ಚುಚ್ಚಿದ್ದಾಳೆಂದು ಪೊಲೀಸರು ತೀರ್ಮಾನಿಸಿದ್ದರು. ಆ ನರ್ಸು ಮೊಂಡಕ್ಕನ ಒಡಹುಟ್ಟಿದ ತಂಗಿ. ಇವತ್ತು ಸಂಜೆಯೊಳಗೆ ಚುಚ್ಚಿದ್ದು ಬೇರೆ ಕೈ ಎಂದು ತೋರಿಸದಿದ್ದರೆ ತಂಗಿ ಜೈಲಿಗೆ.

ತಂಗಿ ಇಷ್ಟು ದಿನದಲ್ಲಿ ಬಾಯಿ ಬಿಟ್ಟಿದ್ದು ಒಂದೇ ಸಲ. "ಕ್ಲಿನಿಕ್ಕಲ್ಲಿ ನಾನು ಯಾರ ಮುಖಕ್ಕೂ ಸೂಜಿ ಹಾಕಿಲ್ಲ ಅಕ್ಕ." ಆಮೇಲೆ ಠಾಣೆಯ ಗೋಡೆ ನೋಡುತ್ತಾ ಕೂತವಳು ಕೂತೇ ಇದ್ದಾಳೆ.

ಗಿಣಿಯ ಕುರ್ಚಿ ಖಾಲಿಯಾದ ಮಾರನೆಯ ದಿನವೇ ಹೋಟೆಲಿನವರು ಹೊಸಬಳನ್ನು ಹುಡುಕಿದರು. ಪತ್ತೇದಾರಿಕೆಯೇ ಕಸುಬಾದ ಮೊಂಡಕ್ಕ ಬೇರೆ ಹೆಸರು ಹೇಳಿಕೊಂಡು ಆ ಕುರ್ಚಿಯಲ್ಲಿ ಹೋಗಿ ಕೂತಳು. ಹೋಟೆಲಿನವರು ಅವಳ ಅನುಭವ ಕೇಳಲಿಲ್ಲ, ಓದು ಕೇಳಲಿಲ್ಲ. ಕೆನ್ನೆ ನೋಡಿದರು. "ಮೊದಲು ಮುಖ ಮಾಡಿಸ್ಕೊಂಡು ಬಾ, ಸಂಬಳದಲ್ಲಿ ಹಿಡ್ಕೋತೀವಿ," ಎಂದರು. ಒಬ್ಬಳ ಕಣ್ಣು ತಿಂದ ಔಷಧಿಗೆ, ಆ ಕಣ್ಣಿನ ಪಟ್ಟಿ ಬಿಚ್ಚುವ ಮೊದಲೇ ಇನ್ನೊಬ್ಬಳನ್ನು ಕಳಿಸಿದರು. ಯಾರ ದನಿಯಲ್ಲೂ ಅಳುಕಿರಲಿಲ್ಲ. ಒಡೆದ ಬಲ್ಬು ತೆಗೆದು ಹೊಸದು ಹಾಕುವಾಗ ಯಾರು ಅಳುಕುತ್ತಾರೆ?

"ದೀಪ ಕಣ್ಣಿಗೆ ಹೊಡೆಯುತ್ತೆ. ಬಟ್ಟೆ ಹಾಕ್ಲಾ?" ಕೇಳಿದಳು ಡಾಕ್ಟರಮ್ಮ.

"ಬೇಡ. ನೋಡ್ತೀನಿ."

"ನೋಡೋರು ಕಮ್ಮಿ. ನಿಮ್ಮ ಹೋಟೆಲಿನೋರೆಲ್ಲಾ ಬಟ್ಟೆ ಹಾಕಿಸ್ಕೊಂಡು ಮಲಗಿಬಿಡ್ತಾರೆ."

"ದುಡಿದು ಸುಸ್ತಾಗಿರ್ತಾರೆ."

ಡಾಕ್ಟರಮ್ಮ ತಟ್ಟೆಯಿಂದ ಪುಟ್ಟ ಸೀಸೆಯನ್ನೆತ್ತಿ ದೀಪಕ್ಕೆ ಹಿಡಿದಳು. ಒಳಗೆ ತೆಳು ಹಾಲಿನಂಥ ನೀರು.

"ಮೊದಲೇ ಹೇಳಿಬಿಡ್ತೀನಿ, ಆಮೇಲೆ ಬಂದು ಜಗಳ ಆಡಬೇಡಿ. ಇದು ಜೆಲ್ ತುಂಬಿಸೋ ಇಂಜೆಕ್ಷನ್ ಅಲ್ಲ. ಜೆಲ್ಲಾದ್ರೆ ತುಂಬಿದ ತಕ್ಷಣ ಉಬ್ಬುತ್ತೆ, ಬೇಡ ಅಂದ್ರೆ ಕರಗಿಸೋಕೆ ಮದ್ದಿದೆ. ಇದು ಪುಡಿ. ಚರ್ಮದ ಕೆಳಗೆ ಕೂತು ನಿಮ್ಮ ಮೈಗೇ ಕೆಲಸ ಹಚ್ಚುತ್ತೆ, ಚರ್ಮಕ್ಕೆ ಬಿಗಿ ಕೊಡೋ ಕಾಲಜನ್ ಕಟ್ಟು ಅಂತ. ಮೈ ಸೋಮಾರಿ, ನಿಧಾನಕ್ಕೆ ಕಟ್ಟುತ್ತೆ."

"ಇದನ್ನ ಕರಗಿಸೋಕೆ?"

"ಮದ್ದಿಲ್ಲ. ಇವತ್ತು ಕನ್ನಡಿ ನೋಡಿ ಹಿಗ್ಗಬೇಡಿ, ಇವತ್ತಿನ ಉಬ್ಬು ಬರೀ ನೀರು. ಎರಡು ಮೂರು ದಿನದಲ್ಲಿ ಇಳಿದು ಮುಖ ಹಳೇ ಮುಖಾನೇ ಆಗುತ್ತೆ. ಎಲ್ಲರೂ ಆವಾಗಲೇ ಫೋನ್ ಮಾಡಿ ಬೈಯೋದು, ದುಡ್ಡು ನೀರಿಗೆ ಹಾಕಿದ ಹಾಗಾಯ್ತು ಅಂತ. ಕಾಯಬೇಕು. ತಿಂಗಳು, ಒಂದೂವರೆ ತಿಂಗಳು ಆದಮೇಲೆ ಕೆನ್ನೆ ತುಂಬಿಕೊಳ್ಳೋಕೆ ಶುರುವಾಗುತ್ತೆ. ಮತ್ತೆ ಬರಬೇಕು. ಒಟ್ಟು ಮೂರು ಸಲ."

"ಮೂರೂ ಸಲ ಸಂಬಳದಲ್ಲೇ ಹಿಡೀತಾರಾ?"

"ಅದು ನಿಮ್ಮ ಹೋಟೆಲಿನೋರನ್ನ ಕೇಳಿ. ನಾನು ಮುಖದ ಡಾಕ್ಟರು, ಸಂಬಳದ್ದಲ್ಲ." ತಾನೇ ನಕ್ಕಳು. "ನಿಮ್ಮೋರು ಒಂದು ಸಲ ಬರ್ತಾರೆ, ಆಮೇಲೆ ನಾಪತ್ತೆ. ಆದ್ರೂ ಬೀದೀಲಿ ಸಿಕ್ಕಾಗ ನೋಡಿದ್ರೆ ಕೆನ್ನೆ ತುಂಬ್ಕೊಂಡಿರುತ್ತೆ. ಒಂದೇ ಸಲಕ್ಕೆ! ನನ್ನ ಕೈಗುಣ ನನಗೇ ಆಶ್ಚರ್ಯ."

ಮೊಂಡಕ್ಕನಿಗೆ ಅದರಲ್ಲಿ ಆಶ್ಚರ್ಯ ಕಾಣಲಿಲ್ಲ. ಒಂದು ಪ್ರಶ್ನೆ ಕಾಣಿಸಿತು. ಉಳಿದೆರಡು ಸಲದ ಔಷಧಿ ಅವರಿಗೆ ಎಲ್ಲಿ ಸಿಕ್ಕಿತು?

"ಈಗ ಬಂದು ಈಗಲೇ ಚುಚ್ಚಿ ಅಂದ್ರೆ ಆಗುತ್ತಾ?" ಕೇಳಿದಳು. ತುಟಿ ಆಗಲೇ ಮಂದವಾಗಿ ಮಾತು ಜೊಲ್ಲಿನಂತೆ ಜಾರುತ್ತಿತ್ತು.

"ಆಗೋದೇ ಇಲ್ಲ. ನಮ್ಮಲ್ಲಿ ಹಿಂದಿನ ದಿನವೇ ನೀರು ಹಾಕಿಡೋದು, ಕಾಳು ನೆನೆಹಾಕಿದ ಹಾಗೆ. ನಿಮ್ಮದು ನಿನ್ನೆ ನೀವು ಮುಖ ತೋರಿಸಿ ಹೋದಮೇಲೆ ನೆನೆಹಾಕಿದ್ದು. ನೆನೆಯದ ಪುಡಿ ನಾನು ಮುಖಕ್ಕೆ ತಾಗಿಸೋದೂ ಇಲ್ಲ."

"ಹೋದ ವಾರ ಬಿದ್ದೋಳಿಗೆ?"

ಸೀಸೆ ಹಿಡಿದ ಕೈ ಅಲ್ಲೇ ನಿಂತಿತು.

"ಅವಳ ಹೆಸರಲ್ಲಿ ನಾನು ಏನೂ ನೆನೆಹಾಕಿರಲಿಲ್ಲ. ಪೊಲೀಸರಿಗೂ ಹೇಳಿದ್ದೀನಿ. ನಾನು ಊಟ ಮುಗಿಸಿ ಬಂದಾಗ ಮೆಟ್ಟಿಲ ಮೇಲೆ ಬೋರಲು ಬಿದ್ದಿದ್ಲು. ಹಣೆ ಬಾಗಿಲಿಗೆ ಒತ್ತಿಕೊಂಡಿತ್ತು, ಸರಿಸಿ ಒಳಗೆ ಹೋಗಬೇಕಾಯ್ತು. ಒಳಗೆ ನಮ್ಮ ನರ್ಸು ಆಂಬುಲೆನ್ಸಿಗೆ ಫೋನಲ್ಲಿ ಕಿರುಚ್ತಾ ಇದ್ಲು. ಇನ್ನೇನು ಬೇಕು? ಒಳಗೆ ಚುಚ್ಚಿದ್ಲು, ಇವಳು ಹೊರಗೆ ಓಡಿದ್ಲು, ಬಿದ್ಲು."

ಹಣೆ ಬಾಗಿಲಿಗೆ ಒತ್ತಿಕೊಂಡಿತ್ತು.

ಮೊಂಡಕ್ಕ ಆ ಮಾತನ್ನು ಬಾಯಿಗೆ ಹಾಕಿಕೊಂಡು ಸುಮ್ಮನೆ ಇಟ್ಟುಕೊಂಡಳು. ಬಾಗಿಲಿಂದ ಹೊರಗೆ ಓಡಿದವಳು ಬೋರಲು ಬಿದ್ದರೆ ಹಣೆ ರಸ್ತೆಯ ಕಡೆಗಿರಬೇಕು, ಪಾದ ಬಾಗಿಲ ಕಡೆಗೆ. ಗಿಣಿ ಹೊರಗೆ ಹೋಗುತ್ತಿರಲಿಲ್ಲ. ಒಳಗೆ ಬರುತ್ತಿದ್ದಳು. ಕಣ್ಣು ಆಗಲೇ ಹೋಗಿತ್ತು, ಎಲ್ಲಿಂದಲೋ ಸಹಾಯಕ್ಕೆ ಓಡಿ ಬಂದು ಬಾಗಿಲಿಗೆ ಡಿಕ್ಕಿ ಹೊಡೆದಿದ್ದಳು.

ಎದುರುಗಡೆ ಇರುವುದು ರಸ್ತೆ. ರಸ್ತೆಯ ಆಚೆ ಹೋಟೆಲು.

"ಅಲ್ಲಾಡಬೇಡಿ," ಅಂದಳು ಡಾಕ್ಟರಮ್ಮ.

ಸೀಸೆಯನ್ನು ಮುಷ್ಟಿಯಲ್ಲಿ ಹಿಡಿದು ಗಡಗಡ ಅಲುಗಿಸಿದಳು. ಅಂಗೈಗೆ ಕುಟ್ಟಿದಳು, ಮತ್ತೆ ಅಲುಗಿಸಿದಳು. ಸಿರಿಂಜಿಗೆ ಎಳೆದುಕೊಂಡು ಎಡಗೆನ್ನೆಗೆ ಬಂದಳು. ಸೂಜಿ ಒಳಗೆ ಹೋದಮೇಲೆ ಒತ್ತುವ ಮೊದಲು ಚೂರು ಹಿಂದಕ್ಕೆಳೆದು ನೋಡುತ್ತಿದ್ದಳು, ರಕ್ತ ಬಂದರೆ ಸೂಜಿ ರಕ್ತನಾಳದಲ್ಲಿದೆಯೆಂದು, ಒತ್ತಿದರೆ ಪುಡಿ ಕಣ್ಣಿಗೆ ಹರಿದು ಕಣ್ಣೇ ಹೋಗಬಹುದೆಂದು ಅರ್ಥವಂತೆ. ಮೊಂಡಕ್ಕನಿಗೆ ನೋವಿರಲಿಲ್ಲ. ಒಳಗೆ ಏನೋ ಕರಕರ ಎಂದಿತು, ದೂರದ ಕೋಣೆಯಲ್ಲಿ ಯಾರೋ ಕಾಗದ ಹರಿದಂತೆ.

ಎಡಗೆನ್ನೆ ಮುಗಿಯಿತು. ಡಾಕ್ಟರಮ್ಮ ಬಲಗಡೆಗೆ ಬಂದಳು. ಸೀಸೆ ಎತ್ತಿದಳು. ಮತ್ತೆ ಮೊದಲಿನಷ್ಟೇ ಜೋರಾಗಿ ಅಲುಗಿಸತೊಡಗಿದಳು.

"ಈಗ ತಾನೇ ಕಲಕಿದ್ರಲ್ಲ?"

"ಪುಡಿ ಅಲ್ವಾ, ಸುಮ್ಮನೆ ಬಿಟ್ಟರೆ ತಳಕ್ಕೆ ಕೂರುತ್ತೆ. ಗಸಿ. ಎರಡನೇ ಸಲ ಕಲಕದೆ ಎಳೆದ್ರೆ ಮೊದಲನೇ ಕೆನ್ನೆಗೆ ನೀರು, ಎರಡನೇ ಕೆನ್ನೆಗೆ ಗಸಿ. ಕೆಲವು ತಿಂಗಳಿಗೆ ಚರ್ಮದ ಕೆಳಗೆ ಗಂಟು ಏಳುತ್ತೆ, ಸಾಸಿವೆ ಕಾಳಿನ ಹಾಗೆ. ಹೋಗಲ್ಲ. ನರ್ಸಿಗೂ ಮೊದಲ ದಿನವೇ ಹೇಳ್ಕೊಟ್ಟಿದ್ದೆ. ಅದೊಂದರಲ್ಲಿ ಅವಳನ್ನ ಅನ್ನೋ ಹಾಗಿಲ್ಲ, ತೋಳು ಬಿದ್ದುಹೋಗೋ ಹಾಗೆ ಕಲಕ್ತಾಳೆ."

"ಸೀಸೇಲಿ ಉಳಿದದ್ದನ್ನ ಏನ್ಮಾಡ್ತೀರಿ?"

"ಚೆಲ್ಲೋದು. ಅದೂ ನರ್ಸಿನ ಕೆಲಸವೇ ಆಗಿತ್ತು." ಬಲಗೆನ್ನೆಗೆ ಸೂಜಿ ಇಳಿಯಿತು. "ಮನೆಗೆ ಹೋಗಿ ಉಜ್ಜಬೇಕು. ದಿನಕ್ಕೆ ಐದು ಸಲ, ಐದೈದು ನಿಮಿಷ, ಐದು ದಿನ. ಬಿಸಿಲು ಬೇಡ, ಹಬೆ ಬೇಡ. ಅಲ್ಲಲ್ಲಿ ಕಂದಿದ್ರೆ ಹೆದರಬೇಡಿ. ಆದ್ರೆ ಚರ್ಮ ಬಿಳಿಚಿಕೊಂಡ್ರೆ, ಕಣ್ಣು ಮಬ್ಬಾದ್ರೆ, ತಡೆಯೋಕಾಗದ ನೋವು ಬಂದ್ರೆ ಒಂದು ಗಳಿಗೆಯೂ ಕಾಯಬಾರದು."

"ಮರಗಟ್ಟಿದ ಮುಖಕ್ಕೆ ನೋವು ಹೇಗೆ ಗೊತ್ತಾಗಬೇಕು ಡಾಕ್ಟ್ರೇ?"

ಡಾಕ್ಟರಮ್ಮ ಸೂಜಿಯನ್ನು ಹೊರಗೆಳೆದಳು.

"ಅದಕ್ಕೇ, ಚುಚ್ಚೋರು ನೋಡ್ತಾ ಇರಬೇಕು."

ಅವಳು ಕೈ ತೊಳೆಯಲು ತಿರುಗಿದಾಗ ಮೊಂಡಕ್ಕ ಕುರ್ಚಿಯಿಂದಿಳಿದು, ತಳದಲ್ಲಿ ಚೂರು ಉಳಿದಿದ್ದ ಸೀಸೆಯನ್ನು ಕೈಚೀಲಕ್ಕೆ ಇಳಿಬಿಟ್ಟಳು.

*

ಹೋಟೆಲಿನ ಕೆಲಸದವರು ಹತ್ತಿಳಿಯುವ ಹಿಂಬದಿಯ ಮೆಟ್ಟಿಲ ತುದಿಯಲ್ಲಿ ಆಳೆತ್ತರದ ಕನ್ನಡಿ. ಅದರ ಮೇಲೆ "ನಿಮ್ಮ ನಗು ಇಲ್ಲಿಂದ ಶುರು" ಎಂಬ ಫಲಕ. ಕೆಳಗೆ ನೆಲಮಾಳಿಗೆಯಲ್ಲಿ ಹೆಂಗಸರು ಬಟ್ಟೆ ಬದಲಿಸುವ ಕೋಣೆ. ನಗು ಅಲ್ಲಿ ಮುಗಿಯುತ್ತಿತ್ತು. ಬಂದವರು ಮೊದಲು ದವಡೆ ಹಿಡಿದು ಅತ್ತಿತ್ತ ಆಡಿಸಿಕೊಂಡು, ಆಮೇಲೆ ಚಪ್ಪಲಿ ಬಿಡುತ್ತಿದ್ದರು.

"ಬಂದ್ಲಪ್ಪಾ ಮದುವೆ ಹೆಣ್ಣು!" ಅಂದಳು ಟೆಲಿಫೋನಿನವಳು. "ಕೂತ್ಕೋ, ಚಾ ಕುಡಿ."

ಮೊಂಡಕ್ಕ ಕುಡಿದಳು. ಚಾ ತುಟಿಯ ಮೂಲೆಯಿಂದ ಇಳಿದು ಗಲ್ಲದಿಂದ ಹನಿಯತೊಡಗಿತು. ಅವಳಿಗೆ ತಿಳಿಯಲಿಲ್ಲ, ಸೆರಗು ನೆನೆದಾಗ ಕಂಡಿತು.

"ಮಗೂಗೆ ಬಿಬ್ ಕಟ್ರೇ," ಅಂದಳು ಇನ್ನೊಬ್ಬಳು, ಗಿಣಿಯ ಪಕ್ಕದ ಕುರ್ಚಿಯಲ್ಲಿ ಕೂರುತ್ತಿದ್ದ ಉದ್ದ ಜಡೆಯವಳು. ಇಬ್ಬರೂ ನಕ್ಕರು. ಕೆನ್ನೆ ಅಲುಗದ ನಗು. ಮೊಂಡಕ್ಕನೂ ನಕ್ಕಳು, ನಕ್ಕೆ ಅಂದುಕೊಂಡಳು.

"ಉಜ್ಜಬೇಕಂತೆ ಐದು ಸಲ."

"ಹೂಂ ಮತ್ತೆ! ಬಾ ಇಲ್ಲಿ, ತೋರಿಸ್ತೀನಿ. ಹೆಬ್ಬೆಟ್ಟಿಂದ ಅಲ್ಲ, ಗೆಣ್ಣಿಂದ. ಹೀಗೆ, ಹಿಟ್ಟು ನಾದೋ ಹಾಗೆ." ಟೆಲಿಫೋನಿನವಳು ಎದುರು ಕೂತು ಅವಳ ಮುಖ ನಾದತೊಡಗಿದಳು. "ನಮ್ಮ ಮುಖಕ್ಕೆ ಇಷ್ಟು ಯಾವನೂ ಉಪಚಾರ ಮಾಡಿರಲಿಲ್ಲ ಕಣೆ. ಈಗ ನೋಡು, ದಿನಕ್ಕೈದು ಸಲ ಪೂಜೆ."

"ಕಾಯಿಲೆ ಬಿದ್ದರೆ ರಜ ಇಲ್ಲ, ಸುಕ್ಕು ಬಿದ್ದರೆ ಕುರ್ಚಿ ಇಲ್ಲ," ಅಂದಳು ಜಡೆಯವಳು. "ಮೂರನೇ ಮಹಡಿ ಲಿಫ್ಟು ಎರಡು ವರ್ಷದಿಂದ ಕೆಟ್ಟಿದೆ, ಅದಕ್ಕೆ ದುಡ್ಡಿಲ್ಲ. ನಮ್ಮ ಮುಖ ರಿಪೇರಿ ಮಾತ್ರ ತಿಂಗಳ ಒಳಗೆ ಆಗಬೇಕು."

"ನಮ್ಮ ದುಡ್ಡಲ್ಲಿ."

"ಅದು ಬೇರೆ."

"ಎಲ್ಲಿ, ನಿಮ್ಮದು ಹೇಗಾಗಿದೆ?" ಎನ್ನುತ್ತಾ ಮೊಂಡಕ್ಕ ಟೆಲಿಫೋನಿನವಳ ಕೆನ್ನೆಗೆ ಬೆರಳಿಟ್ಟಳು.

ಎಡಗೆನ್ನೆ ನುಣುಪು. ಬಲಗೆನ್ನೆಯಲ್ಲಿ ಬೆರಳ ಕೆಳಗೆ ಒಂದು ಕಾಳು ಉರುಳಿತು. ಪಕ್ಕದಲ್ಲಿ ಇನ್ನೊಂದು. ಮೂಗಿನ ಬದಿಯಲ್ಲಿ ಮೂರನೆಯದು.

"ನಿನ್ನದು ಕೊಡು," ಎಂದು ಜಡೆಯವಳ ಕಡೆಗೆ ತಿರುಗಿದಳು. ಎಡ ನುಣುಪು. ಬಲ, ಕಾಳು.

"ನಿಮಗೆ ಗಂಟಿದೆ."

"ಇದ್ರೇನಂತೆ? ದೂರದಿಂದ ಗಲ್ಲ ತುಂಬಿ ಕಾಣುತ್ತಲ್ಲ. ಗಿರಾಕಿ ಬಂದು ಮುಟ್ಟಿ ನೋಡ್ತಾನಾ?"

"ನೋಡೋರೂ ಇದ್ದಾರೆ ಬಿಡು," ಅಂದಳು ಟೆಲಿಫೋನಿನವಳು. ಕ್ಷಣ ಯಾರೂ ನಗಲಿಲ್ಲ, ಆಮೇಲೆ ಇಬ್ಬರೂ ಒಟ್ಟಿಗೇ ನಕ್ಕರು.

ಎರಡು ಮುಖ, ಎರಡರಲ್ಲೂ ಎರಡನೇ ಕೆನ್ನೆಯಲ್ಲೇ ಗಸಿ. ಡಾಕ್ಟರಮ್ಮ ಕಲಕುತ್ತಾಳೆ. ತಂಗಿ ತೋಳು ಬಿದ್ದುಹೋಗುವ ಹಾಗೆ ಕಲಕುತ್ತಾಳೆ. ಕಲಕದ ಇನ್ನೊಂದು ಕೈ ಇದೆ. ಮೊಂಡಕ್ಕನಿಗೆ ಇದು ಒಳ್ಳೆಯ ಸುದ್ದಿ. ಒಳ್ಳೆಯ ಸುದ್ದಿ ಬಂದಾಗ ಎದೆ ಹೇಗಾಗಬೇಕೆಂದು ನೆನಪಿಸಿಕೊಳ್ಳಲು ನೋಡಿದಳು. ನೆನಪಾಗಲಿಲ್ಲ.

"ಡಾಕ್ಟರಮ್ಮ ಇನ್ನೆರಡು ಸಲ ಬರಬೇಕು ಅಂದ್ರು," ಎಂದಳು, ಸಪ್ಪೆ ಮುಖದಲ್ಲಿ. ಮುಖ ಸಪ್ಪೆಯಾಗಿಯೇ ಇತ್ತು, ನಟಿಸಬೇಕಿರಲಿಲ್ಲ. "ನನ್ನ ಕೈಲಾಗಲ್ಲ. ಮಗಳ ಫೀಸು ಕಟ್ಟಬೇಕು."

"ಅಯ್ಯೋ, ಅಲ್ಲಿಗ್ಯಾಕೆ ಹೋಗ್ತೀಯ? ನಮ್ಮ ಇಸ್ತ್ರಿ ಕೋಣೆ ಕಡ್ಡಿ ಇಲ್ವಾ? ಅತ್ತೆಗೆ ದಿನಾ ಇನ್ಸುಲಿನ್ ಹಾಕಿ ಹಾಕಿ ಅವಳ ಕೈ ಎಷ್ಟು ಹಗುರ ಅಂದ್ರೆ..."

ಜಡೆಯವಳ ಕಾಲು ಬೆಂಚಿನ ಕೆಳಗಿಂದ ಟೆಲಿಫೋನಿನವಳ ಮೊಣಕಾಲಿಗೆ ತಾಗಿತು.

ಇಬ್ಬರೂ ಎದ್ದು ಗೋಡೆಯ ಪುಟ್ಟ ಕನ್ನಡಿಯ ಮುಂದೆ ಹೋಗಿ ತುಟಿಗೆ ಬಣ್ಣ ಹಚ್ಚತೊಡಗಿದರು, ಕೋಣೆಯಲ್ಲಿ ಮೂರನೆಯವಳು ಇಲ್ಲವೇ ಇಲ್ಲವೆಂಬಂತೆ.

*

ಕಡ್ಡಿ ಕಾರಿಡಾರಿನ ಕೊನೆಯ ಇಸ್ತ್ರಿ ಕೋಣೆಯಲ್ಲಿದ್ದಳು. ಮೊಣಕಾಲೆತ್ತರ ಬಿಳಿ ಹಾಸುಗಳ ರಾಶಿ, ಗೋಡೆಗೆ ಒರಗಿಸಿದ ಮಡಿಸುವ ಮಂಚ, ಹಬೆ. ಒಂದು ಕಾಲಕ್ಕೆ ಮೇಲಿನ ಸ್ವಾಗತದ ಮೇಜಿನಲ್ಲಿ ಗಿಣಿಯ ಜೊತೆ ಕೂತವಳೇ. ಕೆನ್ನೆ ಒಳಸೇರಿದ ವರ್ಷ ಅವಳನ್ನು ಇಲ್ಲಿಗೆ ಇಳಿಸಿದ್ದರು. ಅವಳ ಕೆನ್ನೆಗೆ ಯಾವ ಸೂಜಿಯೂ ತಾಗಿರಲಿಲ್ಲ, ನೋಡಿದರೆ ತಿಳಿಯುತ್ತಿತ್ತು. ಮೂಳೆಯ ಮೇಲೆ ಚರ್ಮ, ಚರ್ಮದ ಮೇಲೆ ಬೆವರು.

ಮೊಂಡಕ್ಕ ಒಳಗೆ ಬಂದು ಬಾಗಿಲು ಮುಂದೆಮಾಡಿದಳು.

"ಸಮವಸ್ತ್ರ ಬೇಕಾ? ನಿಮ್ಮ ಅಳತೆದು ನಾಳೆ ಬರುತ್ತೆ," ಅಂದಳು ಕಡ್ಡಿ ತಲೆಯೆತ್ತದೆ.

"ಬೇಡ. ಇದೊಂದು ಚೂರು ಬೆರೆಸಿ ಕೊಡಮ್ಮ, ನನ್ನ ಕೈ ನಡುಗ್ತಿದೆ."

ಸೀಸೆಯನ್ನು ಇಸ್ತ್ರಿಯ ಹಲಗೆಯ ಮೇಲಿಟ್ಟಳು. ಗಸಿ ತಳಕ್ಕೆ ಕೂತು ಮೇಲೆ ತಿಳಿನೀರು ನಿಂತಿತ್ತು.

ಕಡ್ಡಿಯ ಕೈ ತಲೆಗಿಂತ ಮೊದಲು ಹೋಯಿತು. ಸೀಸೆಯನ್ನು ಎರಡು ಅಂಗೈಗಳ ನಡುವೆ ಇಟ್ಟುಕೊಂಡಳು. ಅಲುಗಿಸಲಿಲ್ಲ. ಮೆಲ್ಲಗೆ, ಬತ್ತಿ ಹೊಸೆಯುವ ಹಾಗೆ, ಹಿಂದೆ ಮುಂದೆ ಉರುಳಿಸಿದಳು. ಮೇಲಿನ ನೀರು ಚೂರು ಮಬ್ಬಾಯಿತು. ತಳದ ಗಸಿ ಕದಲಲಿಲ್ಲ.

ಆಮೇಲೆ ಕೈ ನಿಂತಿತು. ಅವಳು ಸೀಸೆ ನೋಡಿದಳು. ಮೊಂಡಕ್ಕನನ್ನು ನೋಡಿದಳು.

"ಜೋರಾಗಿ ಯಾಕೆ ಕಲಕಲಿಲ್ಲ?" ಕೇಳಿದಳು ಮೊಂಡಕ್ಕ.

"ಕಲಕಬಾರದು. ನೊರೆ ಬರುತ್ತೆ, ಔಷಧಿ ಕೆಡುತ್ತೆ. ಅತ್ತೆ ಡಾಕ್ಟರು ಹೇಳಿದ್ದು."

"ಅದು ಇನ್ಸುಲಿನ್ನು. ಇದನ್ನ ಕಲಕಲೇಬೇಕು. ಮೇಲಿರೋರ ಬಲಗೆನ್ನೆ ಮುಟ್ಟಿ ನೋಡಿದ್ದೀಯಾ?"

ಕಡ್ಡಿ ಸೀಸೆಯನ್ನು ಹಲಗೆಯ ಮೇಲೆ ಇಟ್ಟಳು, ಬಿದ್ದರೆ ಒಡೆಯುವ ವಸ್ತುವನ್ನು ಇಡುವ ಹಾಗೆ.

"ನೀವು ಪೊಲೀಸಾ?"

"ಅಲ್ಲ. ಗಿಣಿಗೆ ಚುಚ್ಚಿದ್ದು ಕ್ಲಿನಿಕ್ಕಲ್ಲಲ್ಲ, ಇಲ್ಲಿ. ಆ ಮಂಚದ ಮೇಲೆ. ಚುಚ್ಚಿದ್ದು ನೀನು."

"ಹೌದಾ? ಹಾಗಾದ್ರೆ ಇಲ್ಲಿಗೆ ಅವಳನ್ನ ಯಾರು ಕಳಿಸಿದ್ರು, ಅದನ್ನೂ ಪತ್ತೆ ಮಾಡಿ." ಕಡ್ಡಿಯ ದನಿ ಏರಲಿಲ್ಲ. "ಮುಖ ಸರಿ ಮಾಡ್ಕೋ ಇಲ್ಲಾ ಕೆಳಗೆ ಹೋಗು ಅಂದೋರು ಯಾರು? ನಾನು ಕೆಳಗೆ ಬಂದೆ. ನನ್ನ ನೋಡಿ ಅವರು ಹೆದರಿದ್ರು. ಅಷ್ಟೇ ನಡೆದಿದ್ದು. ಮೊದಲನೇ ಸಲ ಸಾಲ ಮಾಡಿ ಹೋದ್ರು. ಎರಡನೇ ಸಲಕ್ಕೆ ಕೈಲಾಗಲಿಲ್ಲ. ಆ ನರ್ಸಮ್ಮನ ಮುಂದೆ ಅತ್ತರು. ಅವಳು ಚೆಲ್ಲೋ ಔಷಧೀನ ಚೆಲ್ಲೋ ಬದಲು ತಂದುಕೊಟ್ಲು. ಒಂದು ಬಿಡಿಗಾಸು ತಗೊಂಡಿಲ್ಲ. ಚುಚ್ಚೋಕೆ ಮಾತ್ರ ಒಪ್ಪಲಿಲ್ಲ. ಅದಕ್ಕೇ ನನ್ನ ಹಿಡಿದ್ರು."

"ನಿನ್ನ ಕೆನ್ನೆಗೆ ಯಾಕೆ ಹಾಕ್ಕೊಳ್ಳಲಿಲ್ಲ?"

"ನನಗೆ ನಾನೇ ಹೇಗೆ ಚುಚ್ಚಿಕೊಳ್ಳಲಿ? ಮತ್ತೆ ಇಲ್ಲಿ ಹಾಸು ಮಡಿಸೋಕೆ ಮುಖ ಯಾಕೆ?"

ಇಸ್ತ್ರಿಪೆಟ್ಟಿಗೆ ಹಬೆ ಬಿಟ್ಟಿತು. ಮೊಂಡಕ್ಕ ಹೇಳಬೇಕಾದ್ದನ್ನು ಹೇಳಿದಳು. ಇಷ್ಟು ದಿನ ಈ ಮಾತು ಹೇಳುವ ಗಳಿಗೆಗಾಗಿಯೇ ಓಡಾಡಿದ್ದಳು. ಹೇಳುವಾಗ ಅದು ಅಂಗಡಿಯ ಚೀಟಿ ಓದಿದ ಹಾಗಿತ್ತು.

"ಆ ನರ್ಸಮ್ಮ ನನ್ನ ತಂಗಿ. ಸಂಜೆ ಅವಳನ್ನ ಒಳಗೆ ಹಾಕ್ತಾರೆ. ನೀನು ಮಾಡಿದ್ದಕ್ಕೆ ಅವಳು ಹೋಗ್ತಾಳೆ. ನಡಿ ನನ್ನ ಜೊತೆ."

ಕಡ್ಡಿ ಇಸ್ತ್ರಿಪೆಟ್ಟಿಗೆಯ ಸ್ವಿಚ್ಚು ಆರಿಸಿದಳು. ಹಾಸುಗಳ ರಾಶಿಯ ಮೇಲೆ ಕೂತುಬಿಟ್ಟಳು, ಈಗಷ್ಟೇ ಮಡಿಸಿದ್ದು ಮುದುಡುವುದನ್ನೂ ಲೆಕ್ಕಿಸದೆ.

"ನೀವು ಅವಳ ಅಕ್ಕಾನಾ?"

"ಹೌದು."

"ಹಾಗಾದ್ರೆ ಅವಳು ನಿಮಗೂ ಹೇಳಿಲ್ಲ."

"ಏನನ್ನ?"

ಕಡ್ಡಿ ತನ್ನ ಅಂಗೈಗಳನ್ನು ತೆರೆದು ನೋಡಿಕೊಂಡಳು.

"ಅವತ್ತು ಗಿಣೀನ ಆ ಮಂಚದ ಮೇಲೆ ಮಲಗಿಸಿದ್ವಿ. ಟ್ಯೂಬ್‌ಲೈಟು ಕಣ್ಣಿಗೆ ಹೊಡೆಯುತ್ತೆ ಅಂದ್ಲು, ಟವಲ್ ಹಾಕಿದೆ. ಮುಲಾಮು ಹಚ್ಚಿ ಆಗಿತ್ತು, ಮುಖ ಕಟ್ಟಿಗೆ. ಎಡಗೆನ್ನೆ ಚುಚ್ಚಿ ಮುಗಿಸಿದೆ, ಏನೂ ಆಗಲಿಲ್ಲ. ಬಲಗೆನ್ನೆಗೆ ಸೀಸೆ ತಗೊಂಡು ಹೀಗೆ ಉರುಳಿಸ್ತಾ ನಿಂತಿದ್ದೆ. ಬಾಗಿಲು ತೆರೀತು. ನಿಮ್ಮ ತಂಗಿ. ಅವಳು ಯಾವತ್ತೂ ಇಲ್ಲಿಗೆ ಇಳಿದೋಳಲ್ಲ. ಯಾರದೋ ಕೆನ್ನೇಲಿ ಗಂಟು ನೋಡಿದ್ಲಂತೆ, ಊಟದ ಹೊತ್ತಲ್ಲಿ ಓಡಿ ಬಂದಿದ್ಲು."

"ಬಂದು?"

"ನನ್ನ ಕೈ ನೋಡಿದ್ಲು. ಅವಳ ಮುಖ ಹೇಗಾಯ್ತು ಅಂದ್ರೆ... 'ಎಷ್ಟು ಜನಕ್ಕೆ ಹೀಗೆ ಮಾಡಿದ್ದೀಯ?' ಅಂತ ಪಿಸುಗುಟ್ಟಿದ್ಲು. ಸೀಸೆ ಕಿತ್ಕೊಂಡ್ಲು. ಕಲಕಿದ್ಲು ನೋಡಿ, ಗೋಡೆ ಅದುರೋ ಹಾಗೆ. ಇವಳೊಬ್ಬಳ ಕೆನ್ನೆಯಾದ್ರೂ ಸರಿಯಾಗಲಿ ಅಂತಾನೋ ಏನೋ, ಸಿರಿಂಜೂ ಅವಳೇ ತಗೊಂಡ್ಲು. ಮೂಗಿನ ಪಕ್ಕದಲ್ಲಿ ಹಾಕಿದ್ಲು. ಕೈ ನಡುಗ್ತಾ ಇತ್ತು. ಹಿಂದಕ್ಕೆ ಎಳೆದು ನೋಡಿದ್ಲೋ ಇಲ್ವೋ, ನಾನು ನೋಡಲಿಲ್ಲ. ಗಿಣಿ 'ಈ ಕಡೆ ಲೈಟ್ ಯಾಕೆ ಆರಿಸಿದ್ರಿ?' ಅಂದ್ಲು. ಟವಲ್ ತೆಗೆದೆ. ಲೈಟು ಉರೀತಾನೇ ಇತ್ತು. ಫೋನ್ ಮಾಡೋಕೆ ನಿಮ್ಮ ತಂಗಿ ಕ್ಲಿನಿಕ್ಕಿಗೆ ಓಡಿದ್ಲು. ನಾನು ಹಿಡ್ಕೊಳ್ಳೋ ಮೊದಲೇ ಗಿಣಿ ಎದ್ದು ಅವಳ ಹಿಂದೆ ಓಡಿಬಿಟ್ಲು."

"ಸುಳ್ಳು," ಅಂದಳು ಮೊಂಡಕ್ಕ.

ಆ ಪದಕ್ಕೆ ತೂಕವೇ ಇರಲಿಲ್ಲ. ಹಬೆಯಲ್ಲಿ ತೇಲಿಹೋಯಿತು.

"ಸುಳ್ಳು ಹೇಳೋದಾಗಿದ್ರೆ ಪೊಲೀಸರು ಬಂದ ದಿನವೇ ಹೇಳಿ ನಾನು ಬಚಾವಾಗ್ತಿದ್ದೆ. ಅವಳು ನನ್ನ ಹೆಸರು ಹೇಳಲಿಲ್ಲ, ನಾನು ಅವಳ ಹೆಸರು ಹೇಳಲಿಲ್ಲ. ಗಿಣಿಗೆ ಕೈ ಬದಲಾಗಿದ್ದೇ ಗೊತ್ತಿಲ್ಲ. ಎರಡೂ ಕೆನ್ನೆಗೆ ನಾನೇ ಚುಚ್ಚಿದೆ ಅಂದ್ಕೊಂಡು, ಆಸ್ಪತ್ರೇಲಿ ಒಂದು ಕಣ್ಣಲ್ಲಿ ಗೋಡೆ ನೋಡ್ತಾ ನನ್ನ ಕಾಪಾಡ್ತಿದ್ದಾಳೆ."

ಮೂವರು ಹೆಂಗಸರು, ಒಬ್ಬೊಬ್ಬರೂ ಇನ್ನೊಬ್ಬಳನ್ನು ಬಚ್ಚಿಟ್ಟುಕೊಂಡು ಬಾಯಿ ಹೊಲಿದುಕೊಂಡಿದ್ದಾರೆ. ಆ ಮೂವರ ಮೇಲೆ ಹೋಟೆಲು, ಎಲ್ಲ ಮಹಡಿಗಳಲ್ಲೂ ದೀಪ ಹಚ್ಚಿಕೊಂಡು, ಯಾರ ಹೆಸರನ್ನೂ ಕೇಳದೆ, ಯಾರ ಪ್ರಶ್ನೆಗೂ ಸಿಗದೆ ನಿಂತಿದೆ. ಅದನ್ನು ಯಾವ ಠಾಣೆಗೆ ಕರೆದೊಯ್ಯುವುದು? ಅವಳು ಹುಡುಕಿಕೊಂಡು ಬಂದಿದ್ದು ಒಂದು ಕೈಯನ್ನು. ಸಿಕ್ಕಿದ್ದವು ಎರಡು.

ಕಡ್ಡಿ ಎದ್ದಳು. ಏಪ್ರನ್ನಿನ ಗಂಟು ಬಿಚ್ಚಿ, ಮಡಿಸಿ, ಹಲಗೆಯ ಮೇಲಿಟ್ಟಳು. ಗೂಟದಿಂದ ಕೈಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು.

"ನಡೀರಿ, ಬರ್ತೀನಿ. ನಾನೇ ಚುಚ್ಚಿದ್ದು ಅಂತ ಹೇಳ್ತೀನಿ, ಅದೇನೂ ಸುಳ್ಳಲ್ಲ. ಅತ್ತೆಗೆ ಇವತ್ತಿಂದ ಸೂಜಿ ಹಾಕೋಕೆ ಒಬ್ಬರು ಬೇಕು. ಬಿಡುಗಡೆ ಆಗಿ ಬಂದಮೇಲೆ ನಿಮ್ಮ ತಂಗಿಗೆ ಹೇಳಿ, ದಿನಾ ಒಂದು ಸಲ ಹೋಗಿ ಬರಲಿ."

ಬಾಗಿಲ ಹಿಡಿಯ ಮೇಲೆ ಕೈಯಿಟ್ಟು ತಿರುಗಿದಳು.

"ಎಡಗೆನ್ನೆಗೇ ನಿಲ್ಲಿಸ್ಲಾ ಅಕ್ಕ, ಇಲ್ಲಾ ಬಲಗೆನ್ನೆದು ಯಾರ ಕೈ ಅಂತಾನೂ ಹೇಳ್ಲಾ?"